ಜಪಾನಿನ ಡಿಪೆಂಡೆಂಟ್ ವೀಸಾದಲ್ಲಿ ಪಾರ್ಟ್ ಟೈಮ್ ಕೆಲಸ: ಅನುಮತಿ ಪಡೆಯುವುದು ಹೇಗೆ?

‘ಗಂಡನಿಗೆ ಟೋಕಿಯೋದಲ್ಲಿ ಕೆಲಸ. ನಾನು ಡಿಪೆಂಡೆಂಟ್ ವೀಸಾದಲ್ಲಿ ಬಂದಿದ್ದೇನೆ. ದಿನವಿಡೀ ಸುಮ್ನೆ ಮನೇಲಿ ಕೂತು ಬೇಜಾರು. ಪಾರ್ಟ್ ಟೈಮ್ ಏನಾದರೂ ಮಾಡಬಹುದಾ?’

ಈ ಪ್ರಶ್ನೆ ತಿರುಗಿ ತಿರುಗಿ ಬರುತ್ತಲೇ ಇರುತ್ತದೆ. ಹೆಂಡತಿಯ ಕೆಲಸದ ಮೇಲೆ ಬಂದ ಗಂಡಂದಿರೂ ಕೇಳುತ್ತಾರೆ, ಓದಲು ಬಂದವರೂ ಕೇಳುತ್ತಾರೆ. ಉತ್ತರ ಒಂದೇ: ಮಾಡಬಹುದು, ಆದರೆ ಮೊದಲು ಅನುಮತಿ, ಆಮೇಲೆ ಕೆಲಸ.

ಅನುಮತಿ ಪಡೆಯುವುದು ನೀವು ಅಂದುಕೊಂಡಷ್ಟು ಕಷ್ಟವಲ್ಲ. ಶುಲ್ಕವಿಲ್ಲ, ಫೋಟೋ ಬೇಡ, ಕೆಲಸ ಮೊದಲೇ ಸಿಕ್ಕಿರಬೇಕು ಅಂತಲೂ ಇಲ್ಲ. ಜನ ಎಡವುವುದು ಅನುಮತಿ ಸಿಕ್ಕ ಮೇಲೆ. ವಾರಕ್ಕೆ 28 ಗಂಟೆ ಅನ್ನೋ ಒಂದು ಅಂಕಿ ಎಲ್ಲರಿಗೂ ಬಾಯಿಪಾಠ. ಅದನ್ನು ಎಣಿಸುವುದು ಹೇಗೆ, ಅದಕ್ಕೂ ಮೊದಲೇ ಅಡ್ಡ ಬರುವ ಇನ್ನೊಂದು ಮಿತಿ ಯಾವುದು ಅಂತ ಕೇಳಿದರೆ ತುಂಬಾ ಜನಕ್ಕೆ ಗೊತ್ತಿರುವುದಿಲ್ಲ. ಹಾಗಾಗಿ ಅರ್ಜಿಯ ಭಾಗವನ್ನು ಬೇಗ ಮುಗಿಸಿ, ಆಮೇಲಿನ ಭಾಗಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಹಂತ 1: ನಿಮ್ಮ ಕಾರ್ಡ್ ಏನು ಹೇಳುತ್ತದೆ ನೋಡಿ

ಮೂರು ತಿಂಗಳಿಗಿಂತ ಹೆಚ್ಚು ಕಾಲ ಇರಲು ಬಂದವರಿಗೆ ಸಿಗುವ ಗುರುತಿನ ಚೀಟಿ ರೆಸಿಡೆನ್ಸ್ ಕಾರ್ಡ್. ಜಪಾನಿಗರು ಇದನ್ನು ಜೈರ್ಯೂ ಕಾಡೋ ಅನ್ನುತ್ತಾರೆ. ಅದರ ಮುಂಭಾಗದಲ್ಲಿ ನಿಮ್ಮ ವೀಸಾ ಯಾವ ಬಗೆಯದು, ಕೆಲಸ ಮಾಡಬಹುದೋ ಇಲ್ಲವೋ ಅಂತ ಬರೆದಿರುತ್ತದೆ. ಡಿಪೆಂಡೆಂಟ್ ವೀಸಾಗೆ ಅಲ್ಲಿನ ಹೆಸರು ಕಾಜೋಕು ತಾಯ್‌ಜಾಯ್, ವಿದ್ಯಾರ್ಥಿ ವೀಸಾಗೆ ರ್ಯೂಗಾಕು. ಈ ಎರಡರಲ್ಲೂ ಕೆಲಸಕ್ಕೆ ಅವಕಾಶವಿಲ್ಲ ಎಂದೇ ಇರುತ್ತದೆ. ಗಾಬರಿ ಬೇಡ. ಅನುಮತಿ ಬಂದರೆ ಅದರ ಮುದ್ರೆ ಬೀಳುವುದು ಕಾರ್ಡಿನ ಹಿಂಭಾಗದಲ್ಲಿ. ಮುಂಭಾಗದ ಸಾಲು ಹಾಗೇ ಉಳಿಯುತ್ತದೆ.

ಪರ್ಮನೆಂಟ್ ರೆಸಿಡೆಂಟ್ ಆದವರು, ಅವರ ಗಂಡ ಅಥವಾ ಹೆಂಡತಿ ಎಂಬ ವೀಸಾ ಇರುವವರು, ಜಪಾನಿಗರನ್ನು ಮದುವೆಯಾಗಿ ಆ ವೀಸಾ ಪಡೆದವರು ಈ ಲೇಖನ ಓದಬೇಕಾಗಿಲ್ಲ. ಅವರಿಗೆ ಕೆಲಸದ ಮೇಲೆ ನಿರ್ಬಂಧವೇ ಇಲ್ಲ. ಇನ್ನು ಪ್ರವಾಸಿ ವೀಸಾದಲ್ಲಿ ಮಕ್ಕಳನ್ನು ನೋಡಲು ಬಂದ ಅಪ್ಪ ಅಮ್ಮಂದಿರು ಈ ಅನುಮತಿ ಸಿಗುತ್ತದೆ ಅಂತ ಲೆಕ್ಕ ಹಾಕುವುದೇ ಬೇಡ.

ಡಿಪೆಂಡೆಂಟ್ ವೀಸಾದಲ್ಲಿರುವ ನಿಮ್ಮ ಮಗ ಅಥವಾ ಮಗಳು ಹೈಸ್ಕೂಲಿಗೆ ಹೋಗುತ್ತಾ ರಜೆಯಲ್ಲಿ ಅಂಗಡಿ ಕೆಲಸ ಮಾಡುವ ಆಸೆ ಇಟ್ಟುಕೊಂಡಿದ್ದರೆ, ಅವರಿಗೂ ಇದೇ ಅನುಮತಿ ಬೇಕು. ‘ಸ್ಕೂಲ್ ಹುಡುಗ ಅಲ್ವಾ, ಯಾರು ಕೇಳ್ತಾರೆ’ ಅನ್ನಬೇಡಿ.

ಹಂತ 2: ಯಾವ ಬಗೆಯ ಅನುಮತಿ ಬೇಕು ತೀರ್ಮಾನಿಸಿ

ಅನುಮತಿಯ ಪೂರ್ತಿ ಹೆಸರು ಶಿಕಾಕುಗಾಯ್ ಕಾತ್ಸುದೋ ಕ್ಯೋಕಾ. ನಿಮ್ಮ ವೀಸಾ ಯಾವ ಉದ್ದೇಶಕ್ಕೆ ಕೊಟ್ಟದ್ದೋ ಅದರ ಆಚೆಗಿನ ದುಡಿಮೆಗೆ ಕೊಡುವ ಒಪ್ಪಿಗೆ ಇದು. ಇದರಲ್ಲಿ ಎರಡು ಬಗೆ.

ಮೊದಲನೆಯದು ಸಾಮಾನ್ಯ ಅನುಮತಿ, ಹೋಕಾತ್ಸು. ಇಂಥ ಕಂಪನಿ, ಇಂಥ ಕೆಲಸ ಅಂತಿಲ್ಲ. ವಾರಕ್ಕೆ 28 ಗಂಟೆಯೊಳಗೆ, ನಿಷೇಧಿತ ಜಾಗ ಬಿಟ್ಟು ಎಲ್ಲಾದರೂ ದುಡಿಯಬಹುದು. ಕಾಂಬಿನಿ, ಅಂದರೆ ಇಲ್ಲಿನ 24 ಗಂಟೆಯ ಸಣ್ಣ ಅಂಗಡಿ, ಇಂಗ್ಲಿಷ್ ಕಲಿಸುವ ಶಾಲೆ, ಹೋಟೆಲ್ ಅಡುಗೆಮನೆ, ಗೋದಾಮು, ಆಫೀಸು, ಎಲ್ಲವೂ ಇದರಲ್ಲೇ ಬರುತ್ತವೆ. ಕೆಲಸ ಬದಲಿಸಿದರೆ ಮತ್ತೆ ಅರ್ಜಿ ಹಾಕಬೇಕಿಲ್ಲ. ಹೆಚ್ಚಿನವರಿಗೆ ಇದೇ ಸಾಕು.

ಎರಡನೆಯದು ನಿರ್ದಿಷ್ಟ ಅನುಮತಿ, ಕೊಬೇತ್ಸು. ಒಂದು ಕೆಲಸಕ್ಕೆ ಮಾತ್ರ ಕೊಡುವಂಥದ್ದು. ಇಲ್ಲಿ ಗಮನವಿಟ್ಟು ಓದಿ, ಯಾಕೆಂದರೆ ನಮ್ಮವರು ಹೆಚ್ಚಾಗಿ ಮಾಡಬೇಕೆಂದುಕೊಳ್ಳುವ ಕೆಲಸಗಳೇ ಇದರ ಕೆಳಗೆ ಬರುತ್ತವೆ. ಮನೆಯಲ್ಲೇ ಯೋಗ ಕ್ಲಾಸ್, ಆನ್‌ಲೈನ್ ಪಾಠ, ಫ್ರೀಲಾನ್ಸ್ ಕೋಡಿಂಗ್, ಸೈಕಲ್ ಮೇಲೆ ಊಟ ತಲುಪಿಸುವ ಗುತ್ತಿಗೆ ಕೆಲಸ: ಇವುಗಳಲ್ಲಿ ನೀವು ಯಾರ ನೌಕರರೂ ಅಲ್ಲ, ಸ್ವಂತ ವ್ಯವಹಾರಸ್ಥರು. ಎಷ್ಟು ಗಂಟೆ ದುಡಿದಿರಿ ಅಂತ ಹೊರಗಿನವರು ಪರಿಶೀಲಿಸುವುದು ಕಷ್ಟ. ಹಾಗಾಗಿ ಸಾಮಾನ್ಯ ಅನುಮತಿ ಇವಕ್ಕೆ ಸಾಲದು. ನಿರ್ದಿಷ್ಟ ಅನುಮತಿ ಕೇಳುವಾಗ ಕೆಲಸ ಏನು, ಯಾರ ಜೊತೆ ಒಪ್ಪಂದ, ವಾರಕ್ಕೆ ಎಷ್ಟು ಗಂಟೆ, ಎಷ್ಟು ಹಣ ಅನ್ನುವುದಕ್ಕೆಲ್ಲ ಕಾಗದ ಕೊಡಬೇಕು. ಕೆಲಸವೂ ಪರಿಣತಿ ಬೇಡುವಂಥದ್ದಾಗಿರಬೇಕು. ಪಾತ್ರೆ ತೊಳೆಯುವುದಕ್ಕೆ, ಪೆಟ್ಟಿಗೆ ಎತ್ತುವುದಕ್ಕೆ ಈ ಬಗೆಯ ಅನುಮತಿ ಕೊಡುವುದಿಲ್ಲ.

‘ಭಾರತದ ಕಂಪನಿಗೆ ಇಲ್ಲಿಂದಲೇ ಲ್ಯಾಪ್‌ಟಾಪ್‌ನಲ್ಲಿ ಕೆಲಸ ಮಾಡ್ತೀನಿ, ಸಂಬಳ ಅಲ್ಲಿನ ಖಾತೆಗೇ ಬೀಳತ್ತೆ, ಅದಕ್ಕೂ ಅನುಮತಿನಾ?’ ಇದೂ ಪದೇ ಪದೇ ಬರುವ ಪ್ರಶ್ನೆ. ದುಡ್ಡು ಯಾವ ದೇಶದ ಬ್ಯಾಂಕಿಗೆ ಬಿತ್ತು ಅನ್ನುವುದು ಇಲ್ಲಿ ಮುಖ್ಯವಲ್ಲ. ಜಪಾನಿನಲ್ಲಿ ಕೂತು ದುಡಿದದ್ದಕ್ಕೆ ಬರುವ ಸಂಬಳವನ್ನು ಇಲ್ಲಿನ ತೆರಿಗೆ ಕಾನೂನು ಜಪಾನಿನ ಗಳಿಕೆ ಎಂದೇ ಎಣಿಸುತ್ತದೆ. ಲ್ಯಾಪ್‌ಟಾಪ್ ತೆರೆಯುವ ಮೊದಲೇ ಇಮಿಗ್ರೇಶನ್ ಆಫೀಸಿಗೆ ಒಪ್ಪಂದದ ಪ್ರತಿ ತೋರಿಸಿ, ಯಾವ ಅನುಮತಿ ಬೇಕು ಅಂತ ಕೇಳಿಕೊಳ್ಳಿ.

ಹಂತ 3: ಕಾಗದಪತ್ರ ಜೋಡಿಸಿಕೊಳ್ಳಿ

ಸಾಮಾನ್ಯ ಅನುಮತಿಗೆ ಬೇಕಾದದ್ದು ಇಷ್ಟೇ:

- ಅರ್ಜಿ ನಮೂನೆ. ಇಮಿಗ್ರೇಶನ್ ಇಲಾಖೆಯ ಜಾಲತಾಣದಲ್ಲಿ ಸಿಗುತ್ತದೆ, ಆಫೀಸಿನಲ್ಲೂ ಇಟ್ಟಿರುತ್ತಾರೆ. ಜಪಾನಿ ಜೊತೆ ಇಂಗ್ಲಿಷ್ ಕೂಡ ಇದೆ.
- ಪಾಸ್‌ಪೋರ್ಟ್
- ರೆಸಿಡೆನ್ಸ್ ಕಾರ್ಡ್

ನಮೂನೆಯಲ್ಲಿ ಕೆಲಸದ ಜಾಗ, ಸಂಬಳ, ಗಂಟೆ ಅಂತೆಲ್ಲ ಅಂಕಣಗಳಿವೆ. ಸಾಮಾನ್ಯ ಅನುಮತಿ ಕೇಳುವವರಿಗೆ ಕೆಲಸ ಇನ್ನೂ ಸಿಕ್ಕಿರದಿದ್ದರೆ ಇವನ್ನು ಖಾಲಿ ಬಿಡಬಹುದು. ಏನಾದರೂ ಬರೆಯಬೇಕಲ್ಲ ಅಂತ ಗೆಳತಿ ಕೆಲಸ ಮಾಡುವ ಅಂಗಡಿಯ ಹೆಸರು ತುಂಬಿಸಬೇಡಿ.

ವಿಳಾಸ ಮಾತ್ರ ರೆಸಿಡೆನ್ಸ್ ಕಾರ್ಡಿನಲ್ಲಿರುವುದೂ ಅರ್ಜಿಯಲ್ಲಿರುವುದೂ ಒಂದೇ ಆಗಿರಲಿ. ಮನೆ ಸಿಕ್ಕ 14 ದಿನದೊಳಗೆ ವಾರ್ಡ್ ಆಫೀಸಿನಲ್ಲಿ ವಿಳಾಸ ನೋಂದಾಯಿಸಬೇಕು ಅನ್ನುವ ನಿಯಮ ಹೇಗೂ ಇದೆ. ಮೊದಲು ಅದನ್ನು ಮುಗಿಸಿ.

ಹಂತ 4: ಅರ್ಜಿ ಸಲ್ಲಿಸಿ

ನೀವಿರುವ ಪ್ರದೇಶದ ಇಮಿಗ್ರೇಶನ್ ಆಫೀಸಿನಲ್ಲಿ ಅರ್ಜಿ ಕೊಡಬಹುದು. ಟೋಕಿಯೋದಲ್ಲಿ ಭಾರತೀಯರು ಹೆಚ್ಚಾಗಿರುವ ನಿಶಿಕಾಸಾಯ್ ಕಡೆಯ ನಮ್ಮವರಿಗೆ ಟೋಕಿಯೋ ಪ್ರಾದೇಶಿಕ ಕಚೇರಿ. ಅದು ಮಿನಾತೋ ವಾರ್ಡಿನ ಕೋನಾನ್‌ನಲ್ಲಿದೆ. ಶಿನಾಗಾವಾ ಸ್ಟೇಷನ್‌ನಿಂದ ಬಸ್ಸು ಹಿಡಿಯಬಹುದು, ಟೆನ್ನೋಜು ಐಲ್ ಸ್ಟೇಷನ್‌ನಿಂದ ನಡೆದೂ ಹೋಗಬಹುದು. ಶನಿವಾರ, ಭಾನುವಾರ, ಸರ್ಕಾರಿ ರಜೆ ದಿನ ಬಾಗಿಲು ತೆರೆಯುವುದಿಲ್ಲ. ಉಳಿದ ದಿನ ಸಂಜೆ 4ರವರೆಗೆ ಅರ್ಜಿ ತೆಗೆದುಕೊಳ್ಳುತ್ತಾರೆ, ಆದರೆ ಬೆಳಿಗ್ಗೆ ಬೇಗ ಹೋಗುವುದೇ ಜಾಣತನ. ಪುಟ್ಟ ಮಗು ಜೊತೆಗಿದ್ದರೆ ತಿಂಡಿ, ಆಟಿಕೆ ಇಟ್ಟುಕೊಂಡೇ ಹೊರಡಿ. ಕಾಯುವುದು ತಪ್ಪಿದ್ದಲ್ಲ.

ಮೊದಲ ಕೌಂಟರಿನಲ್ಲಿ ಕಾಗದ ಸರಿಯಿದೆಯಾ ನೋಡಿ ಟೋಕನ್ ಕೊಡುತ್ತಾರೆ. ನಿಮ್ಮ ಸರದಿ ಬಂದಾಗ ಅರ್ಜಿ ತೆಗೆದುಕೊಂಡು, ಪಾಸ್‌ಪೋರ್ಟ್ ಮತ್ತು ಕಾರ್ಡ್ ನೋಡಿ ವಾಪಸ್ ಕೊಡುತ್ತಾರೆ. ಒಂದು ಪೋಸ್ಟ್‌ಕಾರ್ಡ್ ಕೊಟ್ಟು ನಿಮ್ಮ ವಿಳಾಸವನ್ನು ನಿಮ್ಮ ಕೈಯಲ್ಲೇ ಬರೆಸಿಕೊಳ್ಳುವುದುಂಟು. ಫಲಿತಾಂಶ ಬರುವುದು ಆ ಕಾರ್ಡಿನಲ್ಲೇ. ಫ್ಲ್ಯಾಟ್ ನಂಬರ್ ಬಿಟ್ಟರೆ ಅದು ನಿಮ್ಮ ಕೈ ಸೇರದೆ ಹೋಗಬಹುದು. ಕಟ್ಟಡದ ಹೆಸರಿನ ಜೊತೆ ರೂಮ್ ನಂಬರ್ ಕೂಡ ಸ್ಪಷ್ಟವಾಗಿ ಬರೆಯಿರಿ.

ವೀಸಾ ನವೀಕರಣ ಹತ್ತಿರ ಬಂದಿದ್ದರೆ ಎರಡೂ ಅರ್ಜಿಯನ್ನು ಒಟ್ಟಿಗೇ ಹಾಕಿ. ಒಂದು ಓಡಾಟ ಉಳಿಯುತ್ತದೆ.

ವಿದ್ಯಾರ್ಥಿಗಳಿಗೆ ಒಂದು ಸುಲಭದ ದಾರಿ ಇದೆ. ಮೂರು ತಿಂಗಳಿಗಿಂತ ಜಾಸ್ತಿ ಅವಧಿಯ ವೀಸಾದಲ್ಲಿ ಹೊಸದಾಗಿ ಬಂದಿಳಿಯುವಾಗ ವಿಮಾನ ನಿಲ್ದಾಣದಲ್ಲೇ ಈ ಅರ್ಜಿ ಕೊಡಬಹುದು. ನಮೂನೆಯನ್ನು ಮುಂಚೆಯೇ ತುಂಬಿ ಪಾಸ್‌ಪೋರ್ಟಿನೊಳಗೆ ಇಟ್ಟುಕೊಳ್ಳಿ. ನಿದ್ದೆಗಣ್ಣಲ್ಲಿ ಸಾಲಿನಲ್ಲಿ ನಿಂತು ತುಂಬುವ ಗೋಳು ಬೇಡ. ಡಿಪೆಂಡೆಂಟ್ ವೀಸಾದವರಿಗೆ ಈ ಸೌಲಭ್ಯ ಇಲ್ಲ.

ಹಂತ 5: ಕಾಯಿರಿ, ನಿಜವಾಗಿಯೂ ಕಾಯಿರಿ

ಸಾಮಾನ್ಯವಾಗಿ 2 ವಾರದಿಂದ 2 ತಿಂಗಳು ಹಿಡಿಯುತ್ತದೆ. ಈ ನಡುವೆ ಕೆಲಸ ಹುಡುಕಿ, ಇಂಟರ್‌ವ್ಯೂಗೆ ಹೋಗಿ, ಅಡ್ಡಿಯಿಲ್ಲ. ಕೆಲಸ ಮಾತ್ರ ಶುರು ಮಾಡಬೇಡಿ. ‘ಟ್ರೈನಿಂಗ್ ಅಷ್ಟೇ’, ‘ಒಂದು ದಿನ ಬಂದು ನೋಡಿ, ಕೈಗೆ ದುಡ್ಡು ಕೊಡ್ತೀವಿ’ ಅನ್ನುವುದಕ್ಕೂ ಒಪ್ಪಬೇಡಿ. ದುಡ್ಡು ಬಂತು ಅಂದರೆ ಅದು ಕೆಲಸವೇ.

ಅನುಮತಿ ಇಲ್ಲದೆ ದುಡಿದರೆ 1 ವರ್ಷದವರೆಗೆ ಜೈಲು ಅಥವಾ 20 ಲಕ್ಷ ಯೆನ್‌ವರೆಗೆ ದಂಡ ಅಂತ ವಲಸೆ ಕಾನೂನು ಹೇಳುತ್ತದೆ. ವಾಸ್ತವದಲ್ಲಿ ಮೊದಲು ಬೀಳುವ ಪೆಟ್ಟು ಬೇರೆ. ಮುಂದಿನ ವೀಸಾ ನವೀಕರಣ ತಿರಸ್ಕಾರವಾಗಬಹುದು.

ಹಂತ 6: ಮುದ್ರೆ ನೋಡಿ, ಆಮೇಲೆ ಕೆಲಸದ ಜಾಗ ನೋಡಿ

ಫಲಿತಾಂಶದ ಪೋಸ್ಟ್‌ಕಾರ್ಡ್ ಬಂದ ಮೇಲೆ ಆಫೀಸಿಗೆ ಹೋಗಿ ಮುದ್ರೆ ಹಾಕಿಸಿಕೊಂಡು, ರೆಸಿಡೆನ್ಸ್ ಕಾರ್ಡ್ ತಿರುಗಿಸಿ. ಕೆಳಗಿನ ಚೌಕದಲ್ಲಿ ಜಪಾನಿ ಅಕ್ಷರದ ಒಂದು ಸಾಲು ಬಂದಿರುತ್ತದೆ. ಸಾಮಾನ್ಯ ಅನುಮತಿಯಾದರೆ ‘ತಾತ್ವಿಕವಾಗಿ ವಾರಕ್ಕೆ 28 ಗಂಟೆಯೊಳಗೆ, ಫೂಜೋಕು ವ್ಯವಹಾರ ಹೊರತುಪಡಿಸಿ’ ಎಂಬ ಅರ್ಥದ್ದು. ಆ ಸಾಲಿನಲ್ಲಿ 28 ಎಂಬ ಅಂಕಿ ಕಾಣಬೇಕು. ಕಾಣದಿದ್ದರೆ ಕೌಂಟರ್ ಬಿಟ್ಟು ಕದಲುವ ಮೊದಲು ಕೇಳಿ. ಕೆಲಸ ಕೊಡುವವರು ಕಾರ್ಡಿನ ಎರಡೂ ಬದಿಯ ಪ್ರತಿ ತೆಗೆದುಕೊಳ್ಳುವುದು ಇದಕ್ಕೇ.

ಫೂಜೋಕು ಅಂದರೆ ಬರೀ ವಯಸ್ಕರ ಮನರಂಜನೆ ಅಂತ ತಿಳಿದುಕೊಳ್ಳುವವರೇ ಜಾಸ್ತಿ. ಕಾನೂನಿನ ಲೆಕ್ಕದಲ್ಲಿ ಅದರ ವ್ಯಾಪ್ತಿ ದೊಡ್ಡದು. ಗಿರಾಕಿಗಳ ಪಕ್ಕ ಕೂತು ಉಪಚರಿಸುವ ಬಾರುಗಳ ಜೊತೆಗೆ ಪಾಚಿಂಕೋ ಎಂಬ ಗುಂಡು ಹಾರಿಸುವ ಜೂಜಿನ ಯಂತ್ರಗಳ ಅಂಗಡಿ, ಮಾಹ್‌ಜಾಂಗ್ ಎಂಬ ಬಿಲ್ಲೆಯಾಟ ಆಡಿಸುವ ಜಾಗ, ಮಕ್ಕಳೂ ಹೋಗುವ ಗೇಮ್ ಸೆಂಟರ್, 10 ಲಕ್ಸ್‌ಗಿಂತ ಮಂದ ಬೆಳಕಿನ ಬಾರು, ಎಲ್ಲವೂ ಸೇರುತ್ತವೆ. ಅಲ್ಲಿ ನೆಲ ಒರೆಸುವುದು, ಪಾತ್ರೆ ತೊಳೆಯುವುದು, ಬೀದಿಯಲ್ಲಿ ಅವರ ಕರಪತ್ರ ಹಂಚುವುದು ಕೂಡ ನಿಷಿದ್ಧ. ‘ನಾನು ಅಡುಗೆಮನೆಯಲ್ಲಷ್ಟೇ ಇದ್ದೆ’ ಅನ್ನುವ ಮಾತು ನಡೆಯುವುದಿಲ್ಲ. ಅನುಮಾನ ಬಂದರೆ ಇಂಟರ್‌ವ್ಯೂನಲ್ಲೇ ನೇರವಾಗಿ ಕೇಳಿ: ‘ನಿಮ್ಮದು ಫೂಜೋಕು ಪರವಾನಗಿಯ ಅಂಗಡಿಯಾ?’ ಈ ಪ್ರಶ್ನೆಗೆ ಇಲ್ಲಿ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಹಂತ 7: 28 ಗಂಟೆಯನ್ನು ಸರಿಯಾಗಿ ಎಣಿಸಿ

ಸೋಮವಾರದಿಂದ ಭಾನುವಾರಕ್ಕೆ ಎಣಿಸಿ 28 ದಾಟಿಲ್ಲ ಅಂತ ನೆಮ್ಮದಿಯಾಗಿರುವವರು ಇದನ್ನು ಓದಲೇಬೇಕು. ನಿಯಮ ಹೇಳುವುದು, ಯಾವ ದಿನದಿಂದ ಶುರುಮಾಡಿ 7 ದಿನ ಎಣಿಸಿದರೂ 28 ದಾಟಬಾರದು ಅಂತ.

ಒಂದು ಉದಾಹರಣೆ. ಮೊದಲ ವಾರ ನೀವು ಗುರು, ಶುಕ್ರ, ಶನಿ, ಭಾನುವಾರ ದಿನಕ್ಕೆ 7 ಗಂಟೆ ದುಡಿದಿರಿ: 28 ಆಯಿತು. ಮುಂದಿನ ವಾರ ಸೋಮ, ಮಂಗಳ, ಬುಧ, ಗುರುವಾರ 7 ಗಂಟೆ: ಅಲ್ಲೂ 28. ಎರಡೂ ವಾರ ಸರಿಯಾಗೇ ಇದೆ ಅನ್ನಿಸುತ್ತದೆ ಅಲ್ವಾ? ಈಗ ಮೊದಲ ಗುರುವಾರದಿಂದ ಮುಂದಿನ ಬುಧವಾರದವರೆಗೆ ಕೂಡಿಸಿ. 49 ಗಂಟೆ! ಅಂಗಡಿಯವರಿಗೆ ಜನ ಕಡಿಮೆ ಬಿದ್ದಾಗ ಶಿಫ್ಟ್ ಅದಲುಬದಲು ಮಾಡಿ ಕರೆಯುವಾಗ ಹೀಗಾಗುವುದು ತೀರಾ ಸುಲಭ. ವಾರದ ಯಾವ ದಿನ ಕೆಲಸ ಅನ್ನುವುದನ್ನು ಗಟ್ಟಿ ಮಾಡಿಕೊಂಡು ಅದನ್ನೇ ಪಾಲಿಸುವುದು ಒಳ್ಳೆಯದು.

ಎರಡು ಕಡೆ ದುಡಿದರೆ ಎರಡೂ ಸೇರಿ 28. ಓವರ್‌ಟೈಮ್ ಕೂಡ ಅದರೊಳಗೇ. ‘ಇನ್ನೊಂದು ಕಡೆಯದು ಯಾರಿಗೆ ಗೊತ್ತಾಗತ್ತೆ’ ಅನ್ನುವ ಯೋಚನೆ ಬೇಡ. ವಿದೇಶಿಯರನ್ನು ಕೆಲಸಕ್ಕೆ ಸೇರಿಸಿಕೊಂಡಾಗಲೂ ಬಿಟ್ಟಾಗಲೂ ಕಂಪನಿಗಳು ಹಲೋ ವರ್ಕ್ ಎಂಬ ಸರ್ಕಾರಿ ಉದ್ಯೋಗ ಕಚೇರಿಗೆ ತಿಳಿಸಬೇಕು, ರೆಸಿಡೆನ್ಸ್ ಕಾರ್ಡಿನ ನಂಬರ್ ಸಮೇತ. ಸಂಬಳದ ಮೊತ್ತ ತೆರಿಗೆ ದಾಖಲೆಯಲ್ಲಿ ಬರುತ್ತದೆ. ವರ್ಷದ ಗಳಿಕೆಯನ್ನು ಗಂಟೆಯ ಕೂಲಿಯಿಂದ ಭಾಗಿಸಲು ಅಧಿಕಾರಿಗೆ ಎಷ್ಟು ಹೊತ್ತು ಬೇಕು?

ವಿದ್ಯಾರ್ಥಿಗಳಿಗೆ ಶಾಲೆಯೇ ಗೊತ್ತುಮಾಡಿದ ದೀರ್ಘ ರಜೆಯಲ್ಲಿ ದಿನಕ್ಕೆ 8 ಗಂಟೆವರೆಗೆ ದುಡಿಯಲು ಬಿಡುತ್ತಾರೆ. ಡಿಪೆಂಡೆಂಟ್‌ಗಳಿಗೆ ಬೇಸಿಗೆ ರಜೆ, ಹೊಸ ವರ್ಷ ಅಂತ ಯಾವ ರಿಯಾಯಿತಿಯೂ ಇಲ್ಲ. ಶಿಫ್ಟ್ ಹಾಕುವ ಮ್ಯಾನೇಜರ್‌ಗಳಿಗೆ ಈ ವ್ಯತ್ಯಾಸ ಗೊತ್ತಿಲ್ಲದಿರಬಹುದು, ನೀವೇ ಹೇಳಿ. ಇನ್ನೊಂದು ವಿಷಯ: ವಿದ್ಯಾರ್ಥಿಯ ಅನುಮತಿ ಶಾಲೆಯಲ್ಲಿ ಹೆಸರು ಇರುವವರೆಗೆ ಮಾತ್ರ. ಓದು ಮುಗಿದ ಮೇಲೆ ವೀಸಾದಲ್ಲಿ ಇನ್ನೂ ತಿಂಗಳುಗಳು ಉಳಿದಿದ್ದರೂ ಅಂಗಡಿ ಕೆಲಸ ಅವತ್ತಿಗೇ ನಿಲ್ಲಿಸಬೇಕು.

ಹಂತ 8: 28ಕ್ಕಿಂತ ಮೊದಲೇ ಬರುವ ಗೋಡೆ

ಗಂಡ ಅಥವಾ ಹೆಂಡತಿಯ ಕಂಪನಿಯ ಆರೋಗ್ಯ ವಿಮೆಯಲ್ಲಿ ನೀವು ಅವಲಂಬಿತರಾಗಿ ಸೇರಿದ್ದರೆ, ನಿಮ್ಮ ವರ್ಷದ ಗಳಿಕೆ 13 ಲಕ್ಷ ಯೆನ್ ಒಳಗೆ ಇರಬೇಕು. ದಾಟಿದರೆ ಅವರ ವಿಮೆಯಿಂದ ಹೊರಬಿದ್ದು, ಆರೋಗ್ಯ ವಿಮೆ ಮತ್ತು ಪಿಂಚಣಿಯ ಕಂತನ್ನು ನೀವೇ ಕಟ್ಟಬೇಕಾಗುತ್ತದೆ. ಓಡಾಟದ ಭತ್ಯೆಯೂ ಈ 13 ಲಕ್ಷದೊಳಗೆ ಸೇರುತ್ತದೆ. ಇದನ್ನು ಮರೆತು ಲೆಕ್ಕ ಹಾಕಿದವರು ಡಿಸೆಂಬರ್‌ನಲ್ಲಿ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ.

ಟೋಕಿಯೋದಲ್ಲಿ 2025ರ ಅಕ್ಟೋಬರ್‌ನಿಂದ ಕನಿಷ್ಠ ಕೂಲಿ ಗಂಟೆಗೆ 1,226 ಯೆನ್. ವಾರಕ್ಕೆ 28 ಗಂಟೆಯಂತೆ ವರ್ಷವಿಡೀ ದುಡಿದರೆ ಸುಮಾರು 17.85 ಲಕ್ಷ ಯೆನ್ ಆಗುತ್ತದೆ. ಅಂದರೆ ಕನಿಷ್ಠ ಕೂಲಿಯಲ್ಲೇ ನೀವು ಗೋಡೆ ದಾಟಿರುತ್ತೀರಿ. 13 ಲಕ್ಷದೊಳಗೆ ಇರಬೇಕೆಂದರೆ ವಾರಕ್ಕೆ ಸುಮಾರು 20 ಗಂಟೆ ಅಷ್ಟೇ, ಅದೂ ಓಡಾಟದ ಭತ್ಯೆ ಬಿಟ್ಟು.

ಆ 20 ಗಂಟೆಯ ಹತ್ತಿರವೇ ಇನ್ನೊಂದು ಗೋಡೆಯಿದೆ. 2024ರ ಅಕ್ಟೋಬರ್‌ನಿಂದ 51 ಅಥವಾ ಹೆಚ್ಚು ನೌಕರರಿರುವ ಕಂಪನಿಯಲ್ಲಿ ವಾರಕ್ಕೆ 20 ಗಂಟೆ ಅಥವಾ ಜಾಸ್ತಿ ದುಡಿಯುವ ಪಾರ್ಟ್ ಟೈಮ್‌ನವರನ್ನು ಕಂಪನಿಯ ವಿಮೆ ಮತ್ತು ಪಿಂಚಣಿಗೆ ಸೇರಿಸುತ್ತಾರೆ. ಸಂಬಳದಿಂದ ಕಂತು ಕಡಿತವಾಗುತ್ತದೆ. ಹಗಲು ಕಾಲೇಜಿಗೆ ಹೋಗುವ ವಿದ್ಯಾರ್ಥಿಗಳು ಇದರಿಂದ ಹೊರಗೆ.

ಹಾಗಾಗಿ ನನ್ನ ಸಲಹೆ ಇದು. ಡಿಪೆಂಡೆಂಟ್ ವೀಸಾದವರು 28ರ ಹಿಂದೆ ಓಡುವ ಬದಲು, ವಾರಕ್ಕೆ 18-19 ಗಂಟೆಯ ಕೆಲಸ ಹುಡುಕುವುದು ಲೇಸು. 21-22 ಗಂಟೆ ದುಡಿದು, ಕಂತು ಕಟ್ಟಿ, 19 ಗಂಟೆ ದುಡಿದವರಿಗಿಂತ ಕಡಿಮೆ ಹಣ ಮನೆಗೆ ತರುವುದರಲ್ಲಿ ಏನು ಸುಖ? ಕಂತು ಕಟ್ಟಿದರೂ ಪರವಾಗಿಲ್ಲ ಅಂತ ತೀರ್ಮಾನಿಸಿದರೆ 28ರ ಹತ್ತಿರ ಹೋಗಿ. ಕನಿಷ್ಠ 6 ತಿಂಗಳು ಪಿಂಚಣಿ ಕಂತು ಕಟ್ಟಿದವರು ಜಪಾನ್ ಬಿಟ್ಟು 2 ವರ್ಷದೊಳಗೆ ಅರ್ಜಿ ಹಾಕಿ ಒಂದು ಪಾಲು ವಾಪಸ್ ಪಡೆಯಬಹುದು. ನಷ್ಟವಾಗುವುದು ನಡುವೆ ಸಿಕ್ಕಿಕೊಂಡವರಿಗೆ.

ಆದಾಯ ತೆರಿಗೆಯ ಮಿತಿ ಬೇರೆ ವಿಷಯ. ಎಲ್ಲರ ಬಾಯಲ್ಲಿರುವ 10.3 ಲಕ್ಷದ ಅಂಕಿ 2025ರಲ್ಲಿ ಬದಲಾಗಿದೆ. ಹಳಬರು ಹೇಳಿದ್ದನ್ನು ನಂಬಿ ಕೂರದೆ, ಈ ವರ್ಷದ ಮಿತಿ ಎಷ್ಟು ಅಂತ ನಿಮ್ಮವರ ಕಂಪನಿಯ ಎಚ್‌ಆರ್ ವಿಭಾಗದಲ್ಲಿ ಕೇಳಿಸಿ. ನೀವು ಕೆಲಸಕ್ಕೆ ಸೇರಿದ ವಿಷಯವನ್ನೂ ಅವರಿಗೆ ತಿಳಿಸಲೇಬೇಕು.

ಹಂತ 9: ವೀಸಾ ನವೀಕರಿಸಿದಾಗ ಇದನ್ನೂ ನವೀಕರಿಸಿ

ಅನುಮತಿಯ ಆಯಸ್ಸು ಈಗಿನ ವೀಸಾ ಅವಧಿ ಮುಗಿಯುವವರೆಗೆ ಮಾತ್ರ. ವೀಸಾ ಮುಂದುವರಿದು ಹೊಸ ಕಾರ್ಡ್ ಬಂದರೆ ಅನುಮತಿ ತಾನಾಗೇ ಅದಕ್ಕೆ ದಾಟುವುದಿಲ್ಲ, ಮತ್ತೆ ಅರ್ಜಿ ಹಾಕಬೇಕು. ಹೊಸ ಕಾರ್ಡಿನ ಹಿಂಭಾಗ ಖಾಲಿ ಇದ್ದೂ ಮಾರನೆ ದಿನ ಶಿಫ್ಟಿಗೆ ಹೋಗುವವರಿದ್ದಾರೆ. ಅದು ಅನುಮತಿ ಇಲ್ಲದ ಕೆಲಸವೇ. ಸಂಬಳದ ಚೀಟಿಗಳನ್ನು ಎಸೆಯದೆ ಒಂದು ಕಡೆ ಇಟ್ಟುಕೊಳ್ಳಿ. ಮುಂದೆ ಬೇರೆ ವೀಸಾಗೆ ಹೋಗುವಾಗ ಗಂಟೆಯ ಲೆಕ್ಕ ಕೇಳಿದರೆ ತೋರಿಸಲು ಬೇಕಾಗುತ್ತದೆ.

ಪಾರ್ಟ್ ಟೈಮ್ ಸಾಲದು ಅನ್ನುವವರಿಗೆ

ಡಿಗ್ರಿ ಇದೆ, ಮೊದಲು ಒಳ್ಳೆ ಕೆಲಸದಲ್ಲಿದ್ದವರು, ಪೂರ್ತಿ ಸಮಯ ದುಡಿಯುವ ಮನಸ್ಸಿದೆ ಅಂದರೆ ಈ ಅನುಮತಿಯನ್ನು ಹಿಗ್ಗಿಸಲು ನೋಡಬೇಡಿ. ನಿಮ್ಮ ಓದಿಗೆ ಹೊಂದುವ ಕೆಲಸ ಸಿಕ್ಕರೆ ಆ ಕಂಪನಿಯ ಕಾಗದ ಇಟ್ಟು ಡಿಪೆಂಡೆಂಟ್‌ನಿಂದ ಉದ್ಯೋಗ ವೀಸಾಗೆ ಬದಲಿಸಿಕೊಳ್ಳಬಹುದು. ದೇಶ ಬಿಟ್ಟು ಹೋಗಿ ಬರಬೇಕಾಗಿಲ್ಲ. ನಿಮ್ಮ ಗಂಡ ಅಥವಾ ಹೆಂಡತಿಯದು ಹೈಲಿ ಸ್ಕಿಲ್ಡ್ ಪ್ರೊಫೆಷನಲ್ ವೀಸಾ ಆಗಿದ್ದರೆ ಇನ್ನೂ ಸುಲಭ. ಅವರ ಸಂಗಾತಿಗಳಿಗೆಂದೇ ಒಂದು ವೀಸಾ ಬಗೆ ಇದೆ. ಇಂಜಿನಿಯರಿಂಗ್, ಭಾಷಾ ಬೋಧನೆಯಂಥ ಕೆಲಸಗಳನ್ನು ಓದು ಅಥವಾ ಅನುಭವದ ಷರತ್ತಿಲ್ಲದೆ ಪೂರ್ತಿ ಸಮಯ ಮಾಡಬಹುದು. ಇಬ್ಬರೂ ಒಂದೇ ಮನೆಯಲ್ಲಿರಬೇಕು, ಸಂಬಳ ಅದೇ ಕೆಲಸದ ಜಪಾನಿಗರಿಗಿಂತ ಕಡಿಮೆ ಇರಬಾರದು, ಅಷ್ಟೆ. ಈ ದಾರಿ ಇದೆ ಅನ್ನುವುದೇ ಎಷ್ಟೋ ಮನೆಗಳಿಗೆ ಗೊತ್ತಿಲ್ಲ.

ನಿಮ್ಮ ಸಂದರ್ಭ ಇದ್ಯಾವುದಕ್ಕೂ ಹೊಂದದಿದ್ದರೆ ಇಮಿಗ್ರೇಶನ್ ಇಲಾಖೆಯ ಮಾಹಿತಿ ಕೇಂದ್ರಕ್ಕೆ ಫೋನ್ ಮಾಡಿ: 0570-013904. ಕೆಲಸದ ದಿನಗಳಲ್ಲಿ ಬೆಳಿಗ್ಗೆ 8:30ರಿಂದ ಸಂಜೆ 5:15ರವರೆಗೆ ಇರುತ್ತಾರೆ, ಇಂಗ್ಲಿಷಿನಲ್ಲೂ ಮಾತಾಡುತ್ತಾರೆ. ಫೋನ್ ಹಚ್ಚುವ ಮೊದಲು ರೆಸಿಡೆನ್ಸ್ ಕಾರ್ಡ್ ಕೈಯಲ್ಲಿರಲಿ. ವೀಸಾ ಬಗೆ, ಅವಧಿ ಮುಗಿಯುವ ದಿನ ಎರಡನ್ನೂ ಕೇಳುತ್ತಾರೆ.